ಉಪ್ಪಿನಕಾಯಿ ಗೋದಾಮಿನಿಂದ ನೈಟ್‌ಕ್ಲಬ್‌ವರೆಗೆ: ಲಂಡನ್ನಿನ ಅಸ್ಟೋರಿಯಾ

ಲಂಡನ್ನಿನ ಚೇರಿಂಗ್ ಕ್ರಾಸ್ ರಸ್ತೆ ಹೋಗಿ ಆಕ್ಸ್‌ಫರ್ಡ್ ಸ್ಟ್ರೀಟನ್ನು ಮುಟ್ಟುವಲ್ಲಿ, ಸೋಹೋ ಬಡಾವಣೆಯ ಅಂಚಿಗೆ, 157ನೇ ನಂಬರಿನ ಕಟ್ಟಡವೊಂದಿತ್ತು. 1893ರಲ್ಲಿ ಅದನ್ನು ಕಟ್ಟಿಸಿದ್ದು ಕ್ರಾಸ್ ಅಂಡ್ ಬ್ಲ್ಯಾಕ್‌ವೆಲ್ ಎಂಬ ಉಪ್ಪಿನಕಾಯಿ ಮತ್ತು ಜಾಮ್ ತಯಾರಕರು, ತಮ್ಮ ಗೋದಾಮಿಗಾಗಿ. 1927ರ ಜನವರಿಯಲ್ಲಿ ಅದೇ ಗೋಡೆಗಳ ಒಳಗೆ ಅಸ್ಟೋರಿಯಾ ಎಂಬ ಚಿತ್ರಮಂದಿರ ಬಾಗಿಲು ತೆರೆಯಿತು. 1976ರಲ್ಲಿ ಸಿನಿಮಾ ನಿಂತು ನಾಟಕ ಬಂತು. ಮುಂದಿನ ದಶಕದ ನಡುವಿನಲ್ಲಿ ನಾಟಕವೂ ಹೋಗಿ ರಾಕ್ ಸಂಗೀತ ಮತ್ತು ನೈಟ್‌ಕ್ಲಬ್ ಬಂದವು. 2009ರ ಜನವರಿ 14ರ ರಾತ್ರಿ ಕೊನೆಯ ಕಛೇರಿ ನಡೆಯಿತು, ಅದೇ ವರ್ಷ ಕಟ್ಟಡ ನೆಲಸಮವಾಯಿತು. ಸ್ಮರಣ ಸಂಚಿಕೆಗಳಲ್ಲಿ ಚಿತ್ರಮಂದಿರದ ಚರಿತ್ರೆ ಬರೆಯುವುದಕ್ಕೆ ಒಂದು ರೂಢಿ ಬೆಳೆದಿದೆ. ಶಂಕುಸ್ಥಾಪನೆ ಯಾರದು, ಉದ್ಘಾಟನೆ ಯಾರದು, ಮೊದಲ ಚಿತ್ರ ಯಾವುದು, ನೂರು ದಿನ ಓಡಿದ್ದು ಯಾವುದು ಎಂದು ಹೇಳಿ, ಆಮೇಲೆ ಜನ ಕಡಿಮೆಯಾದರು, ಕೈ ಬದಲಾಯಿತು, ಒಡೆದರು ಎಂದು ಎರಡು ಸಾಲಿನಲ್ಲಿ ಮುಗಿಸುವುದು. ಈ ಅಚ್ಚಿನಲ್ಲಿ ಹಾಕಿದರೆ ಅಸ್ಟೋರಿಯಾದ ಬದುಕು 1976ಕ್ಕೇ ಮುಗಿಯುತ್ತದೆ, ಉಳಿದ ಮೂವತ್ತಮೂರು ವರ್ಷ ಬರೀ ಅವನತಿ ಅನ್ನಿಸಿಕೊಳ್ಳುತ್ತದೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಈ ಕಟ್ಟಡ ಮತ್ತೆ ಮತ್ತೆ ಬೇರೆಯೇ ಆಗುತ್ತ ಹೋದ ಬಗೆಯೇ ಅದರ ಚರಿತ್ರೆ. ಆ ಚರಿತ್ರೆಗೆ ಉಳಿದಿರುವ ದೊಡ್ಡ ಸಾಕ್ಷಿ ಅಲ್ಲಿಗೆ ಹೋಗಿ ಬಂದವರ ನೆನಪು. ಅದನ್ನು ಹಳೆಯ ದಿನಗಳ ಹಳಹಳಿಕೆ ಎಂದು ಬದಿಗಿಡದೆ ಕಾಗದಪತ್ರ ಓದುವಷ್ಟೇ ಎಚ್ಚರದಿಂದ ಓದಬೇಕು.

ಮೊದಲು ಉಪ್ಪಿನಕಾಯಿಯ ಮಾತು. ಎಡ್ಮಂಡ್ ಕ್ರಾಸ್ ಮತ್ತು ಥಾಮಸ್ ಬ್ಲ್ಯಾಕ್‌ವೆಲ್ ಎಂಬಿಬ್ಬರು 1830ರಲ್ಲಿ ಕೈಗೆ ತೆಗೆದುಕೊಂಡ ಈ ವ್ಯಾಪಾರ ಸೋಹೋ ಚೌಕದ ಸುತ್ತ ಬೆಳೆಯಿತು. ರಾಣಿ ವಿಕ್ಟೋರಿಯಾಳ ಅರಮನೆಗೆ ಸರಬರಾಜು ಮಾಡುವಷ್ಟು ದೊಡ್ಡದಾಯಿತು. ಅವರ ಜಾಡಿಗಳೂ ಡಬ್ಬಗಳೂ ಹಡಗು ಹತ್ತಿ ಹಿಂದೂಸ್ತಾನದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಊಟದ ಮೇಜಿಗೂ ಬಂದವು. ಅವರು ಮಾರುತ್ತಿದ್ದ ಪಿಕಲಿಲಿ ಎಂಬ ಸಾಸಿವೆ-ಅರಿಶಿನದ ತರಕಾರಿ ಉಪ್ಪಿನಕಾಯಿ ನಮ್ಮ ಕಡೆಯ ಉಪ್ಪಿನಕಾಯಿಯನ್ನು ನೋಡಿ ಇಂಗ್ಲಿಷರು ಕಟ್ಟಿಕೊಂಡ ನಕಲು. ನಕಲು ಮತ್ತೆ ಅಸಲಿನ ಊರಿಗೇ ಮಾರಾಟಕ್ಕೆ ಬಂದದ್ದು ಸಾಮ್ರಾಜ್ಯದ ವಿನೋದಗಳಲ್ಲೊಂದು. ಅಸ್ಟೋರಿಯಾವನ್ನು ಕೆಡವಿ ರೈಲು ನಿಲ್ದಾಣಕ್ಕೆ ನೆಲ ಅಗೆಯುವಾಗ ಲಂಡನ್ ವಸ್ತುಸಂಗ್ರಹಾಲಯದ ಪುರಾತತ್ವ ತಂಡಕ್ಕೆ ದೊಡ್ಡದೊಂದು ನೀರಿನ ತೊಟ್ಟಿ ಸಿಕ್ಕಿತು. 1870ರ ದಶಕದಲ್ಲಿ ಕಾರ್ಖಾನೆಯನ್ನು ಸುಧಾರಿಸುವಾಗ ಬೇಡವಾದ ಈ ತೊಟ್ಟಿಗೆ ಕಂಪನಿಯವರು ಬಳಸದ ಜಾಡಿ, ಭರಣಿ, ಸೀಸೆಗಳನ್ನು ಸುರಿದು ಮುಚ್ಚಿದ್ದರು. ಎಣಿಸಿದರೆ 13,000ಕ್ಕೂ ಮೇಲೆ. ಅಣಬೆಯ ಕೆಚಪ್, ಪಿಕಲಿಲಿ, ಜಾಮ್, ಮಾರ್ಮಲೇಡ್ ತುಂಬಬೇಕಿದ್ದ ಪಾತ್ರೆಗಳು ಅವು. ತಜ್ಞರು ಅವನ್ನು ತೊಳೆದು, ಬಗೆಬಗೆಯಾಗಿ ಬೇರ್ಪಡಿಸಿ, ಕಾಲ ನಿರ್ಣಯಿಸಿ, ಕಂಪನಿಯ ಚರಿತ್ರೆಯೊಂದಿಗೆ ಪುಸ್ತಕ ಮಾಡಿದರು. ಆಗಬೇಕಾದ ಕೆಲಸವೇ ಆಯಿತು, ಅದಕ್ಕೆ ತಕರಾರಿಲ್ಲ. ಆದರೆ ಇದನ್ನು ಸ್ವಲ್ಪ ಯೋಚಿಸಿ ನೋಡಬೇಕು. ಕಂಪನಿಯೇ ಕಸವೆಂದು ಎಸೆದದ್ದಕ್ಕೆ ನಿಯಮದ ಪ್ರಕಾರ, ರೈಲು ಯೋಜನೆಯ ಖರ್ಚಿನಲ್ಲಿ, ತಾನಾಗಿ ರಕ್ಷಣೆ ಸಿಕ್ಕಿತು. ಅದೇ ನೆಲದ ಮೇಲೆ ಕಾಲು ಶತಮಾನ ರಾತ್ರಿಗೆ ಸಾವಿರಗಟ್ಟಲೆ ಜನ ಸೇರಿದ್ದಕ್ಕೆ ಅಂಥ ಕಡ್ಡಾಯ ಯಾವುದೂ ಇರಲಿಲ್ಲ. ಅದರಲ್ಲಿ ಉಳಿದಿರುವುದು ಬಹುಮಟ್ಟಿಗೆ ಜನ ತಾವಾಗಿ ಇಟ್ಟುಕೊಂಡದ್ದು: ಹರಿದ ಟಿಕೆಟ್, ಕರಪತ್ರ, ಮಸುಕಾದ ಫೋಟೋ, ಮತ್ತು ಮಾತು.

ಚಿತ್ರಮಂದಿರದ ಕಾಲಕ್ಕೆ ಬರೋಣ. 1920ರ ದಶಕದ ಆರಂಭದಲ್ಲಿ ಕಂಪನಿ ಸೋಹೋ ಬಿಟ್ಟು ಹೋದ ಮೇಲೆ ಎಡ್ವರ್ಡ್ ಸ್ಟೋನ್ ಎಂಬ ವಾಸ್ತುಶಿಲ್ಪಿ ಗೋದಾಮಿನ ಹೊರಗೋಡೆಯನ್ನು ಉಳಿಸಿಕೊಂಡು ಒಳಗೆ ಕೆಳಸಾಲು, ಬಾಲ್ಕನಿ ಇರುವ ದೊಡ್ಡ ಸಭಾಂಗಣ ಕೂರಿಸಿದ. ಕೆಳಗೆ ನೆಲಮಾಳಿಗೆಯಲ್ಲಿ ನೃತ್ಯಶಾಲೆ ಮಾಡಿದ. ಈ ನೃತ್ಯಶಾಲೆಯ ಸಂಗತಿ ಚಿತ್ರಮಂದಿರದ ಚರಿತ್ರೆಕಾರರ ಬರಹಗಳಲ್ಲಿ ಅಡಿಟಿಪ್ಪಣಿಯಂತೆ ಬಂದು ಹೋಗುತ್ತದೆ. ನನಗೆ ಅದು ಮುಖ್ಯವಾಗಿ ಕಾಣುತ್ತದೆ. ಸಿನಿಮಾ ಎಂಬ ಗೌರವಸ್ಥ ಕಲೆ ಹೋಗಿ ಕುಡಿತ-ಕುಣಿತ ಬಂತು ಎಂದು ಅಸ್ಟೋರಿಯಾದ ಕಥೆ ಹೇಳುವವರು ಮರೆಯುವುದು ಇದನ್ನೇ. ಕುಣಿತ ಆ ಕಟ್ಟಡದೊಳಗೆ ಸಿನಿಮಾ ಬಂದಾಗಲೇ ಬಂದಿತ್ತು, ಒಂದೇ ನಕ್ಷೆಯಲ್ಲಿ, ಒಂದೇ ಸೂರಿನಡಿ. ಮೇಲೆ ಪರದೆ, ಕೆಳಗೆ ಜೋಡಿ ಕುಣಿತ. ಅರವತ್ತು ವರ್ಷದ ಬಳಿಕ ಅದೇ ನೆಲಮಾಳಿಗೆ ಅಸ್ಟೋರಿಯಾ-2, ಮೀನ್ ಫಿಡ್ಲರ್ ಎಂದೆಲ್ಲ ಹೆಸರು ಬದಲಿಸುತ್ತ ಕ್ಲಬ್ಬಾಗಿ ನಡೆಯಿತು. ಹಾಗಾಗಿ ನೈಟ್‌ಕ್ಲಬ್ ಹೊರಗಿನಿಂದ ಬಂದು ಸಿನಿಮಾದ ಜಾಗ ಕಬಳಿಸಿತು ಅನ್ನುವುದಕ್ಕಿಂತ, ನೆಲಮಾಳಿಗೆಯಲ್ಲಿದ್ದುದು ಮೇಲಿನ ಮಹಡಿಗೂ ಹತ್ತಿತು ಅನ್ನುವುದು ಸತ್ಯಕ್ಕೆ ಹತ್ತಿರ. ಸಿನಿಮಾಕ್ಕೆಂದು ಮಾಡಿದ್ದು ಸಂಗೀತಕ್ಕೂ ಒದಗಿಬಂತು. ಯಾವ ಸಾಲಿನಿಂದಲೂ ಪರದೆ ಕಾಣಬೇಕೆಂದು ಲೆಕ್ಕ ಹಾಕಿದ್ದರಿಂದ ಯಾವ ಮೂಲೆಯಿಂದಲೂ ವೇದಿಕೆ ಕಂಡಿತು. ನಮ್ಮಲ್ಲಿ ಗಾಂಧಿ ಕ್ಲಾಸ್ ಎನ್ನುವ ಮುಂದಿನ ಸಾಲುಗಳ ಜಾಗದಲ್ಲಿ ಜನ ನಿಂತು ಕುಣಿದರು, ಬಾಲ್ಕನಿಯವರು ಅವರ ತಲೆಯ ಮೇಲಿಂದ ನೋಡಿದರು. ಸುಮಾರು 2000 ಜನ ಹಿಡಿಸುವ ಕೋಣೆಯಲ್ಲಿ ಹಾಡುವವರಿಗೂ ಕೇಳುವವರಿಗೂ ಇಷ್ಟು ಸಮೀಪ ಸಾಧ್ಯವಾದದ್ದು 1927ರ ನಕ್ಷೆಯಿಂದ.

ಇಲ್ಲಿ ಹಳೆಯ ಕಟ್ಟಡಗಳ ರಕ್ಷಣೆಯ ಕಾನೂನಿನ ಪ್ರಶ್ನೆ ಏಳುತ್ತದೆ. ಇದೇ ಸ್ಟೋನ್ ಅಸ್ಟೋರಿಯಾ ಎಂಬ ಇದೇ ಹೆಸರಿನಲ್ಲಿ ಲಂಡನ್ನಿನ ಬೇರೆ ಬಡಾವಣೆಗಳಲ್ಲೂ ಚಿತ್ರಮಂದಿರಗಳನ್ನು ಮಾಡಿದ. 1929ರ ಬ್ರಿಕ್ಸ್‌ಟನ್ ಅಸ್ಟೋರಿಯಾದ ವೇದಿಕೆಯ ಕಮಾನು ವೆನಿಸ್ಸಿನ ರಿಯಾಲ್ಟೋ ಸೇತುವೆಯ ಮಾದರಿಯದು. 1930ರ ಫಿನ್ಸ್‌ಬರಿ ಪಾರ್ಕ್ ಅಸ್ಟೋರಿಯಾದ ಮೊಗಸಾಲೆಯಲ್ಲಿ ಕಾರಂಜಿ, ಒಳಗೆ ಸ್ಪೇನಿನ ಹಳ್ಳಿಯ ಮನೆಗಳ ಸಾಲು, ಮೇಲೆ ನಕ್ಷತ್ರ ಮಿನುಗುವ ಚಾವಣಿ. ಇವೆರಡೂ ಇವತ್ತಿಗೂ ನಿಂತಿವೆ, ಎರಡಕ್ಕೂ ಎರಡನೇ ದರ್ಜೆಯ ಸ್ಟಾರ್ ಗುರುತಿನ ರಕ್ಷಣೆ ಇದೆ. ಮೊದಲನೆಯದು ಸಂಗೀತ ಸಭಾಂಗಣವಾಗಿದೆ. ಎರಡನೆಯದು 1971ರಿಂದ ರೈನ್‌ಬೋ ಎಂಬ ಹೆಸರಿನಲ್ಲಿ ರಾಕ್ ಸಂಗೀತಕ್ಕೆ ಹೆಸರಾಗಿ, ಈಗ ಕ್ರೈಸ್ತ ಪ್ರಾರ್ಥನಾ ಮಂದಿರವಾಗಿದೆ. ಅಣ್ಣನಾದ ಚೇರಿಂಗ್ ಕ್ರಾಸ್ ರಸ್ತೆಯ ಅಸ್ಟೋರಿಯಾಕ್ಕೆ ಆ ರಕ್ಷಣೆ ಇರಲಿಲ್ಲ. 1968ರಲ್ಲಿ ಅಗಲ ಪರದೆಯ ಚಿತ್ರಗಳಿಗಾಗಿ ಅದನ್ನು ನವೀಕರಿಸುವಾಗ ಹಳೆಯ ಗಾರೆಯ ಅಲಂಕಾರವೆಲ್ಲ ಬಹುತೇಕ ಹೋಗಿತ್ತು. ಬ್ರಿಟನ್ನಿನ ಕಾನೂನು ಕೇಳುವುದು ವಾಸ್ತುಶಿಲ್ಪದ ಅಥವಾ ಚರಿತ್ರೆಯ ವಿಶೇಷ ಮಹತ್ವವನ್ನು. ಕಣ್ಣಿಗೆ ಕಾಣುವ ಗಾರೆ ಕೆಲಸ ಇಲ್ಲದಿದ್ದರೆ ಎರಡನೆಯ ಮಾತು, ಅಂದರೆ ಚರಿತ್ರೆ, ಕಾಗದದ ಮೇಲೆ ಉಳಿಯುತ್ತದೆ ಅಷ್ಟೆ. ಬ್ರಿಕ್ಸ್‌ಟನ್ನಿನಲ್ಲೂ ಸಂಗೀತ, ಇಲ್ಲೂ ಸಂಗೀತ. ಅಲ್ಲಿನದು ಉಳಿದದ್ದು ಗಾರೆಯ ಸೇತುವೆಯಿಂದ, ಅಲ್ಲಿ ಹಾಡಿದವರಿಂದ ಅಲ್ಲ.

ನಾಟಕದ ಕಾಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1977ರಲ್ಲಿ ಎಲ್ವಿಸ್ ಪ್ರೀಸ್ಲಿಯ ಬದುಕನ್ನು ಕುರಿತ ಸಂಗೀತ ನಾಟಕ ಅಲ್ಲಿ ಬಂದು ಆ ವರ್ಷದ ಉತ್ತಮ ಸಂಗೀತ ನಾಟಕವೆಂಬ ಪ್ರಶಸ್ತಿ ಪಡೆಯಿತು. ಆ ಯಶಸ್ಸು ಮತ್ತೆ ಅದೇ ಮಟ್ಟದಲ್ಲಿ ಬರಲಿಲ್ಲ. ರಾಕ್ ಸಂಗೀತದ ನಾಟಕ ಆಡಿದ ಮನೆಗೆ ಮುಂದೆ ರಾಕ್ ಸಂಗೀತವೇ ಬಂದದ್ದು ಅಚ್ಚರಿಯೇನಲ್ಲ.

ನೆನಪುಗಳು ದಟ್ಟವಾಗುವುದು 1980ರ ದಶಕದ ಕೊನೆಗೆ. 1988ರ ಬೇಸಿಗೆಯಲ್ಲಿ ನಿಕಿ ಹಾಲೋವೇ ಎಂಬ ಡಿಜೆ ಇಲ್ಲಿ ‘ದಿ ಟ್ರಿಪ್’ ಎಂಬ ಶನಿವಾರದ ರಾತ್ರಿಯನ್ನು ಆರಂಭಿಸಿದ. ಶಿಕಾಗೋದಿಂದ ಬಂದ, ಯಂತ್ರಗಳೇ ನುಡಿಸುವ ಆಸಿಡ್ ಹೌಸ್ ಸಂಗೀತ ಅಲ್ಲಿಯವರೆಗೆ ಲಂಡನ್ನಿನ ಸಣ್ಣಪುಟ್ಟ ಜಾಗಗಳಲ್ಲಿ ಗುಟ್ಟಾಗಿ ನಡೆಯುತ್ತಿತ್ತು. ಇಲ್ಲಿ ಅದು ನಗರದ ನಟ್ಟನಡುವೆ, ಹಳೆಯ ಚಿತ್ರಮಂದಿರದ ಅಷ್ಟು ದೊಡ್ಡ ಜಾಗಕ್ಕೆ ಬಂತು. ಆ ರಾತ್ರಿಗಳನ್ನು ನೆನೆಯುವವರೆಲ್ಲ ಹೇಳುವ ಒಂದು ಸಂಗತಿ ಇದೆ. ಬೆಳಗಿನ ಜಾವ ಮೂರಕ್ಕೆ ಕ್ಲಬ್ ಮುಚ್ಚಿದರೂ ಜನ ಮನೆಗೆ ಹೋಗುತ್ತಿರಲಿಲ್ಲ, ಬೀದಿಯಲ್ಲೇ ಕುಣಿಯುತ್ತಿದ್ದರು. ಚದುರಿಸಲು ಬಂದ ಪೊಲೀಸರು ಸೈರನ್ ಹಾಕಿದರೆ ಅದನ್ನೇ ತಾಳವಾಗಿ ಹಿಡಿದು ಕೂಗಿ ಕುಣಿಯುತ್ತಿದ್ದರು. ನೆನಪು ಬಣ್ಣ ಹಚ್ಚುತ್ತದೆ ಎಂಬುದು ನಿಜ. ಆದರೂ ಇದರಿಂದ ತಿಳಿಯುವುದು ಸಣ್ಣದಲ್ಲ. ಆಗಿನ ಇಂಗ್ಲೆಂಡಿನಲ್ಲಿ ಯುವಕರ ರಾತ್ರಿ ಎಷ್ಟು ಗಂಟೆಗೆ ಮುಗಿಯಬೇಕೆಂಬುದು ಪರವಾನಗಿಯ ಪ್ರಶ್ನೆಯಾಗಿತ್ತು. ಆ ಗಡಿಗೂ ಜನರ ಬಯಕೆಗೂ ನಡುವೆ ಇದ್ದ ಅಂತರ ಬೀದಿಗೆ ಬಂದು ಕಣ್ಣಿಗೆ ಕಂಡ ಜಾಗಗಳಲ್ಲಿ ಚೇರಿಂಗ್ ಕ್ರಾಸ್ ರಸ್ತೆಯ ಆ ಕಾಲುದಾರಿಯೂ ಒಂದು. ಪರವಾನಗಿಯ ಕಡತ ಮುಚ್ಚುವ ಹೊತ್ತನ್ನು ಹೇಳುತ್ತದೆ, ಮುಚ್ಚಿದ ಮೇಲೆ ಏನಾಯಿತು ಎಂಬುದನ್ನು ಹೇಳುವುದಿಲ್ಲ.

ಇನ್ನೂ ಗಟ್ಟಿಯಾದ ಸಾಕ್ಷಿ ಜಿ-ಎ-ವೈ ಎಂಬ ಕ್ಲಬ್ ರಾತ್ರಿಯದು. ಸಲಿಂಗಕಾಮಿಗಳಿಗೆಂದು ಜೆರೆಮಿ ಜೋಸೆಫ್ 1990ರ ದಶಕದ ಆರಂಭದಲ್ಲಿ ಅಸ್ಟೋರಿಯಾದಲ್ಲಿ ಶುರು ಮಾಡಿದ ಇದು 2008ರಲ್ಲಿ ಬೇರೆಡೆಗೆ ಹೋಗುವವರೆಗೂ ಅಲ್ಲೇ ನಡೆಯಿತು. ಕೈಲಿ ಮಿನೋಗ್, ಮಡೋನಾ ಅಂಥವರು ಬಂದು ಹಾಡಿದ್ದರಿಂದ ಪತ್ರಿಕೆಗಳಿಗೆ ಸುದ್ದಿಯಾಯಿತು. ನಾವು ನೋಡಬೇಕಾದದ್ದು ಆ ಕಾಲದ ಕಾನೂನನ್ನು. ಶಾಲೆಗಳೂ ಸ್ಥಳೀಯ ಆಡಳಿತಗಳೂ ಸಲಿಂಗ ಸಂಬಂಧವನ್ನು ‘ಪ್ರೋತ್ಸಾಹಿಸ’ಬಾರದೆಂಬ 28ನೇ ಸೆಕ್ಷನ್ 1988ರಲ್ಲಿ ಜಾರಿಗೆ ಬಂದು, ಇಂಗ್ಲೆಂಡಿನಲ್ಲಿ 2003ರವರೆಗೂ ಉಳಿದಿತ್ತು. ಇಬ್ಬರು ಗಂಡಸರ ಸಂಬಂಧಕ್ಕೆ ಸಮ್ಮತಿಯ ವಯಸ್ಸು 1994ರವರೆಗೆ 21, ಆಮೇಲೆ 18. ಉಳಿದವರಂತೆ 16 ಆದದ್ದು 2001ರಲ್ಲಿ. ಶಾಲೆಯಲ್ಲಿ ಮಾತಾಡುವಂತಿಲ್ಲ, ಮನೆಯಲ್ಲಿ ಹೇಳುವಂತಿಲ್ಲ ಎಂಬ ಸ್ಥಿತಿಯಲ್ಲಿದ್ದ ಹದಿಹರೆಯದವರಿಗೆ ನಗರದ ಮುಖ್ಯರಸ್ತೆಯಲ್ಲಿ, ದೊಡ್ಡಕ್ಷರದ ಹೆಸರುಫಲಕದ ಕೆಳಗೆ, ಎಲ್ಲರಿಗೂ ಕಾಣುವಂತೆ ಸರದಿ ನಿಲ್ಲುವುದೇ ಒಂದು ಘಟನೆ. ಹಿಂದೆ ಇಂಥ ಜಾಗಗಳು ಬಾಗಿಲಿಗೆ ಫಲಕವಿಲ್ಲದ ಗಲ್ಲಿಗಳಲ್ಲಿರುತ್ತಿದ್ದವು. ಚಿತ್ರಮಂದಿರದ ಕಟ್ಟಡವೆಂದರೆ ಬೀದಿಗೆ ಮುಖ ಮಾಡಿರಲೇಬೇಕು, ಜನ ಹೊರಗೆ ಸಾಲು ನಿಲ್ಲಲೇಬೇಕು. ಗೋಪ್ಯವಾಗಿದ್ದದ್ದು ಬಯಲಿಗೆ ಬರಲು ಹಳೆಯ ಟಾಕೀಸಿನ ಸ್ವರೂಪವೇ ನೆರವಾಯಿತು. ಕಟ್ಟಡದ ಅಳತೆ ಹಿಡಿಯುವವರಿಗೆ ಇದು ಕಾಣುವುದಿಲ್ಲ, ಸರದಿಯಲ್ಲಿ ನಿಂತವರನ್ನೇ ಕೇಳಬೇಕು. ಇಂಥದ್ದನ್ನು ಕಾನೂನಿನ ಒಳಗೆ ತರುವುದು ಅಸಾಧ್ಯವೂ ಅಲ್ಲ. 2015ರಲ್ಲಿ ದಕ್ಷಿಣ ಲಂಡನ್ನಿನ ರಾಯಲ್ ವಾಕ್ಸ್‌ಹಾಲ್ ಟ್ಯಾವರ್ನ್ ಎಂಬ ಪಬ್ಬಿಗೆ ರಕ್ಷಣೆ ಸಿಕ್ಕಿದ್ದು ಮುಖ್ಯವಾಗಿ ಸಲಿಂಗಿ ಸಮುದಾಯದ ಚರಿತ್ರೆಯ ಆಧಾರದ ಮೇಲೆ. ಅಷ್ಟರಲ್ಲಿ ಅಸ್ಟೋರಿಯಾ ಹೋಗಿ ಆರು ವರ್ಷವಾಗಿತ್ತು.

ನೆನಪನ್ನು ನಂಬಬಹುದೇ ಎಂಬ ಆಕ್ಷೇಪಕ್ಕೆ ಈಗ ಉತ್ತರ ಹೇಳಬೇಕು. 1989ರ ಡಿಸೆಂಬರಿನಲ್ಲಿ, ಇನ್ನೂ ಹೆಸರು ಮಾಡದಿದ್ದ ನಿರ್ವಾಣ ತಂಡ ಮಡ್‌ಹನಿ ಮತ್ತು ಟ್ಯಾಡ್ ತಂಡಗಳೊಡನೆ ಇಲ್ಲಿ ನುಡಿಸಿತು. ಆ ರಾತ್ರಿ ತಾವೂ ಇದ್ದೆವು ಎನ್ನುವವರನ್ನೆಲ್ಲ ಸೇರಿಸಿದರೆ ಹತ್ತು ಅಸ್ಟೋರಿಯಾ ಸಾಲದು. 1994ರ ಡಿಸೆಂಬರ್ 21ರಂದು ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ತಂಡ ವೇದಿಕೆಯ ಮೇಲೆ ವಾದ್ಯಗಳನ್ನೂ ದೀಪಗಳನ್ನೂ ಒಡೆದು ಹಾಕಿತು. ಮರುವರ್ಷದ ಫೆಬ್ರವರಿಯಲ್ಲಿ ತಂಡದ ರಿಚಿ ಎಡ್ವರ್ಡ್ಸ್ ಕಣ್ಮರೆಯಾದ, ಮತ್ತೆ ಸಿಗಲಿಲ್ಲ. ಆ ರಾತ್ರಿಯೇ ಏನೋ ಆಗಲಿದೆ ಎಂದು ಅನ್ನಿಸಿತ್ತು ಎನ್ನುವ ಮಾತುಗಳನ್ನು ಅನುಮಾನದಿಂದಲೇ ಓದಬೇಕು, ಏಕೆಂದರೆ ಮುಂದೆ ನಡೆದದ್ದು ಹಿಂದಿನ ನೆನಪಿಗೆ ಬಣ್ಣ ಹಾಕಿದೆ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ನೆನಪು ಎಲ್ಲ ಕಡೆಯೂ ಒಂದೇ ರೀತಿ ಸುಳ್ಳಾಡುವುದಿಲ್ಲ. ದಿನಾಂಕ, ಹಾಡಿನ ಕ್ರಮ, ತಾನು ಅಲ್ಲಿದ್ದೆನೇ ಇಲ್ಲವೇ ಎಂಬಲ್ಲಿ ಅದು ಸುಲಭವಾಗಿ ತಪ್ಪುತ್ತದೆ. ಕೀತ್ ಮೂನ್ ಹೆಸರಿನ ಬಾರ್ ಎಲ್ಲಿತ್ತು, ನೆಲ ಹೇಗೆ ಚಪ್ಪಲಿಗೆ ಅಂಟುತ್ತಿತ್ತು, ಯಾವ ಕಡೆ ನಿಂತರೆ ಶಬ್ದ ಚೆನ್ನಾಗಿ ಕೇಳುತ್ತಿತ್ತು, ಬಾಗಿಲಲ್ಲಿ ಯಾರನ್ನು ಬಿಡುತ್ತಿದ್ದರು, ಯಾರನ್ನು ತಡೆಯುತ್ತಿದ್ದರು ಎಂಬಲ್ಲಿ ತಪ್ಪುವುದು ಕಡಿಮೆ, ಏಕೆಂದರೆ ಇವು ಒಂದು ರಾತ್ರಿಯವಲ್ಲ, ಮತ್ತೆ ಮತ್ತೆ ಹೋದವರ ಮೈಗೆ ಹತ್ತಿದ ತಿಳಿವಳಿಕೆ. ಧ್ವನಿಮುದ್ರಣಗಳು ಇವೆಯಲ್ಲ, ನೆನಪೇಕೆ ಬೇಕು ಎಂದೂ ಕೇಳುತ್ತಾರೆ. ರೇಡಿಯೋಹೆಡ್ ತಂಡ 1994ರ ಮೇ 27ರಂದು ಇಲ್ಲಿ ನುಡಿಸಿದ್ದು ವಿಡಿಯೋ ಆಗಿ ಸಿಗುತ್ತದೆ. ಅಂದಿನ ಒಂದು ಹಾಡಿನ ವಾದ್ಯಭಾಗವನ್ನೇ ಅವರು ಮುಂದಿನ ಆಲ್ಬಮ್ಮಿಗೆ ಬಳಸಿದರು. ಹಾಗೆ ಆ ಕೋಣೆಯ ಶಬ್ದ ಲಕ್ಷಾಂತರ ಮನೆಗಳನ್ನು ಸೇರಿದೆ. ಆದರೆ ಕ್ಯಾಮೆರಾ ನೋಡಿದ್ದು ವೇದಿಕೆಯನ್ನು. ಕೋಟು ಇಟ್ಟುಕೊಳ್ಳುವ ಕೌಂಟರಿನಲ್ಲಿ ನಿಂತವರು, ಬೌನ್ಸರುಗಳು, ಬೆಳಗ್ಗೆ ಗ್ಲಾಸಿನ ಚೂರು ಗುಡಿಸಿದವರು ಅದರಲ್ಲಿಲ್ಲ. ಸಂಸ್ಥೆಯ ಚರಿತ್ರೆ ಎಂದರೆ ಅವರೂ ಸೇರಬೇಕು.

ಎರಡನೆಯ ಆಕ್ಷೇಪ ಹೆಚ್ಚು ಭಾರವಾದದ್ದು. ಅಸ್ಟೋರಿಯಾವನ್ನು ಕೆಡವಿದ್ದು ಐಷಾರಾಮಿ ಫ್ಲ್ಯಾಟುಗಳ ಆಸೆಯಿಂದಲ್ಲ, ನಗರವನ್ನು ಪೂರ್ವ-ಪಶ್ಚಿಮವಾಗಿ ಸೀಳಿ ಹೋಗುವ ಕ್ರಾಸ್‌ರೈಲ್ ಯೋಜನೆಗಾಗಿ. 2008ರ ಜುಲೈನಲ್ಲಿ ಪಾರ್ಲಿಮೆಂಟು ಅದಕ್ಕೆ ಕಾನೂನು ಮಾಡಿತು. ಎಲಿಜಬೆತ್ ಮಾರ್ಗ ಎಂಬ ಹೆಸರಿನಲ್ಲಿ 2022ರ ಮೇ 24ರಂದು ಅದು ಓಡಾಟ ಆರಂಭಿಸಿತು. ಟಾಟನ್‌ಹ್ಯಾಮ್ ಕೋರ್ಟ್ ರೋಡ್ ನಿಲ್ದಾಣವನ್ನು ಹಿಗ್ಗಿಸಲು ಈ ನೆಲ ಬೇಕಾಗಿತ್ತು. ವಾರಕ್ಕೆ ಕೆಲವು ಸಾವಿರ ಜನರ ಸಂತೋಷಕ್ಕಿಂತ ದಿನಕ್ಕೆ ಲಕ್ಷಾಂತರ ಜನರ ಓಡಾಟ ದೊಡ್ಡದಲ್ಲವೇ? ದೊಡ್ಡದೇ. ರೈಲು ಬರಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಅಸ್ಟೋರಿಯಾ ಉಳಿಸಿ ಎಂದು ಅಭಿಮಾನಿಗಳು ನಡೆಸಿದ ಸಹಿ ಸಂಗ್ರಹದಲ್ಲಿ ಕಾಣುವ ಸಿಟ್ಟಿನಲ್ಲಿ ಈ ತೂಕ ಮಾಡುವ ತಾಳ್ಮೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಕೆಡವುವುದು ಅನಿವಾರ್ಯ ಎಂಬುದರಿಂದ ಕೆಡವಿದ್ದಕ್ಕೆ ಬೆಲೆ ಇರಲಿಲ್ಲ ಎಂದಾಗುವುದಿಲ್ಲ. ರೈಲು ಯೋಜನೆಯೇ ಇದಕ್ಕೆ ಸಾಕ್ಷಿ: ಜಾಡಿಗಳು ಸಿಕ್ಕವೆಂದು ರೈಲು ನಿಲ್ಲಲಿಲ್ಲ, ರೈಲು ಬರುತ್ತದೆಂದು ಜಾಡಿಗಳನ್ನು ಹೂಳಲೂ ಇಲ್ಲ. ಎತ್ತಿ ದಾಖಲಿಸಿ ಮುಂದೆ ಹೋದರು. ನೆಲದ ಕೆಳಗಿನದಕ್ಕೆ ತೋರಿಸಿದ ಈ ವಿವೇಕವನ್ನು ನೆಲದ ಮೇಲಿನದಕ್ಕೂ ತೋರಿಸಬಹುದಿತ್ತು.

ಬದಲಾವಣೆಯೇ ಚರಿತ್ರೆಯಾದರೆ ಕೆಡವಿದ್ದೂ ಇನ್ನೊಂದು ಬದಲಾವಣೆಯಲ್ಲವೇ ಎಂಬುದು ನನ್ನ ವಾದಕ್ಕೇ ತಿರುಗುವ ಪ್ರಶ್ನೆ. ಅಲ್ಲ ಎನ್ನಲು ಕಾರಣವಿದೆ. 1927ರಲ್ಲಿ, 1976ರಲ್ಲಿ, 1980ರ ದಶಕದಲ್ಲಿ ಹೊಸದು ಬಂದದ್ದು ಹಳೆಯದರ ಮೈಯೊಳಗೆ. ಗೋದಾಮಿನ ಎತ್ತರ ಸಿನಿಮಾಕ್ಕೆ ಒದಗಿತು, ಸಿನಿಮಾದ ಬಾಲ್ಕನಿ ಸಂಗೀತಕ್ಕೆ ಒದಗಿತು. ಕಟ್ಟಡ ಹಳೆಯದಾದ್ದರಿಂದ, ಹೊಸದಾಗಿ ಕಟ್ಟುವ ಖರ್ಚಿಲ್ಲದ್ದರಿಂದ, ಹೆಸರಿಲ್ಲದ ತಂಡಕ್ಕೂ ಅಲ್ಲಿ ಒಂದು ರಾತ್ರಿ ಸಿಗುತ್ತಿತ್ತು. 2009ರಲ್ಲಿ ಈ ಸರಪಳಿ ಕಡಿಯಿತು. ಆಮೇಲೆ ಬಂದದ್ದು ಚೆನ್ನಾಗಿಲ್ಲ ಎಂದೇನೂ ಅಲ್ಲ. ಅದೇ ನೆಲದಲ್ಲಿ 2022ರಲ್ಲಿ ತೆರೆದ ಸೋಹೋಪ್ಲೇಸ್ 602 ಆಸನಗಳ ಸೊಗಸಾದ ರಂಗಮಂದಿರ, ಐವತ್ತು ವರ್ಷಗಳಲ್ಲಿ ವೆಸ್ಟ್ ಎಂಡ್ ಪ್ರದೇಶದಲ್ಲಿ ಹೊಸದಾಗಿ ಕಟ್ಟಿದ ಮೊದಲನೆಯದು. ಹತ್ತಿರದ ಔಟರ್‌ನೆಟ್‌ನಲ್ಲಿ 2000 ಜನ ಹಿಡಿಸುವ ಸಂಗೀತ ಸಭಾಂಗಣವೂ ಅದೇ ವರ್ಷ ಬಂತು. ಲೆಕ್ಕ ಸರಿಹೋಯಿತಲ್ಲ ಎನ್ನುವವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಲಂಡನ್ ಮೇಯರ್ ಕಚೇರಿಯ ಕಾರ್ಯಪಡೆ 2015ರಲ್ಲಿ ಕೊಟ್ಟ ವರದಿಯಂತೆ 2007ರಲ್ಲಿ 136 ಇದ್ದ ನಗರದ ಸಣ್ಣ ಸಂಗೀತ ತಾಣಗಳು ಎಂಟು ವರ್ಷದಲ್ಲಿ 88ಕ್ಕೆ ಇಳಿದಿದ್ದವು. ಅಸ್ಟೋರಿಯಾ ಆ ಎಣಿಕೆಯ ಸಣ್ಣ ತಾಣವಲ್ಲ. ಸಣ್ಣ ತಾಣಗಳಲ್ಲಿ ಕಲಿತವರು ಕ್ರೀಡಾಂಗಣ ತುಂಬಿಸುವ ಮೊದಲು ಹತ್ತಬೇಕಾದ ನಡುವಿನ ಮೆಟ್ಟಿಲು ಅದು. ಕೆಳಗಿನ ಮೆಟ್ಟಿಲುಗಳೂ ನಡುವಿನದೂ ಒಂದೇ ಕಾಲಕ್ಕೆ ಹೋದದ್ದು ಕಾಕತಾಳೀಯವಲ್ಲ. ನಗರದ ನಡುವಿನ ನೆಲದ ಬೆಲೆ ಏರಿದಾಗ ಬಾಡಿಗೆಯ ಹಳೆಯ ಕಟ್ಟಡಗಳು ಮೊದಲು ಹೋಗುತ್ತವೆ. ಅಸ್ಟೋರಿಯಾವನ್ನು 2006ರಲ್ಲೇ ಒಂದು ಆಸ್ತಿ ಕಂಪನಿ ಕೊಂಡಿತ್ತು. ರೈಲು ಬಾರದಿದ್ದರೂ ಅದು ಬಹಳ ಕಾಲ ಉಳಿಯುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಈ ಲೇಖನವನ್ನು ಓದಿ ತಮ್ಮ ಊರಿನ ಟಾಕೀಸಿನ ಚರಿತ್ರೆ ಬರೆಯಲು ಹೊರಡುವವರಲ್ಲಿ ಒಂದು ಕೋರಿಕೆ. ಉದ್ಘಾಟಕರ ಹೆಸರು, ಮೊದಲ ಚಿತ್ರದ ಹೆಸರು ಸಿಕ್ಕ ಕೂಡಲೇ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಸಿನಿಮಾ ನಿಂತ ಮೇಲೆ ಅಲ್ಲಿ ಏನು ನಡೆಯಿತು, ಮದುವೆಯೋ, ಗೋದಾಮೋ, ಸಭೆಯೋ, ಕುಣಿತವೋ, ಅದನ್ನು ಮಾಲೀಕರನ್ನಷ್ಟೇ ಅಲ್ಲ, ಗೇಟಿನಲ್ಲಿ ನಿಂತವರನ್ನೂ ಕ್ಯಾಂಟೀನು ನಡೆಸಿದವರನ್ನೂ ಕೇಳಿ. ಹೇಳಿದವರ ವಯಸ್ಸು, ಹೇಳಿದ ದಿನ, ಯಾವ ವರ್ಷದ ಮಾತು ಎಂಬುದನ್ನು ಅದರ ಜೊತೆಗೇ ಬರೆದಿಡಿ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ತಾಳೆಯಾಗದಿದ್ದರೆ ಎರಡನ್ನೂ ಇಡಿ. 1988ರಲ್ಲಿ ಇಪ್ಪತ್ತರ ಹರೆಯದಲ್ಲಿ ಚೇರಿಂಗ್ ಕ್ರಾಸ್ ರಸ್ತೆಯಲ್ಲಿ ಕುಣಿದವರು ಈಗ ಅರವತ್ತರ ಹೊಸ್ತಿಲಲ್ಲಿದ್ದಾರೆ. 1968ರ ನವೀಕರಣಕ್ಕೆ ಮುಂಚೆ ಅಲ್ಲಿ ಸಿನಿಮಾ ನೋಡಿದವರಿಗೆ ಎಪ್ಪತ್ತು ದಾಟಿದೆ. ನಿಮ್ಮ ಊರಿನ ಟಾಕೀಸಿನ ವಿಷಯದಲ್ಲೂ ಲೆಕ್ಕ ಹೆಚ್ಚು ಬೇರೆ ಇರಲಾರದು, ಆದ್ದರಿಂದ ಈ ವರ್ಷವೇ ಕೇಳಲು ಶುರು ಮಾಡಿ.